ಬಾಂಧವಿಯರ ಬಾಣಂತನ

ಹನುಮಾಪುರದಲ್ಲಿ ಈಗ ಕೀಲಿಕೈಗಿಂತ ಮೊಳೆಗೇ ಮರ್ಯಾದೆ ಹೆಚ್ಚು. ಪೇಟೆಗೆ ಹೋಗಿ ಬಂದವರು ಬಾಗಿಲ ಮುಂದೆ ನಿಂತು ಮೊದಲು ಮೊಳೆಯಿಂದ ಕೀಲಿಯ ತೂತು ಕೆರೆಯಬೇಕು. ಒಳಗೆ ಗಟ್ಟಿಯಾದ ಕಂದು ಮೇಣ ಪುಡಿಪುಡಿಯಾಗಿ ಉದುರಿದ ಮೇಲೆಯೇ ಕೀಲಿಕೈಗೆ ಪ್ರವೇಶ. ನಲ್ಲಿಯ ಬಾಯಿ, ಸ್ವಿಚ್‌ಬೋರ್ಡಿನ ಕಣ್ಣು, ನಿಂತ ಬೈಕಿನ ಸೈಲೆನ್ಸರ್, ಮಾತು ಮುಗಿಸಿ ಕೆಳಗಿಟ್ಟ ಮೊಬೈಲಿನ ಚಾರ್ಜರ್ ಸಂದು, ಹೀಗೆ ತೂತೆಂದು ಹೆಸರಾದ ಯಾವುದನ್ನೂ ಮುಜಂಟಿ ಜೇನುಗಳು ಬಿಡುತ್ತಿರಲಿಲ್ಲ. ‘ಬಾಯಿ ತಕ್ಕೊಂಡು ಮಲಗಬ್ಯಾಡ್ರೋ’ ಎನ್ನುವುದು ಊರಿನ ಹೊಸ ಶುಭರಾತ್ರಿಯಾಗಿತ್ತು.

ಮುಜಂಟಿ ಎಂದರೆ ಸೊಳ್ಳೆಗಿಂತ ಒಂದಿಷ್ಟು ದಪ್ಪ, ಕರ್ರಗೆ, ಕುಟುಕಲು ಬಾರದ ಜೇನು. ಅದರ ಕೊಂಡಿ ಸವೆದುಹೋಗಿ ಕೋಟಿಗಟ್ಟಲೆ ವರ್ಷಗಳಾದವು.

“ಕುಟುಕೂ ಕೆಲಸಾನ ಅತ್ತೆಂದ್ರಿಗೆ ವಹಿಸಿಕೊಟ್ಟು ರಿಟೈರ್ಡ್ ಆಗ್ಯಾವ,” ಎಂದು ಷಣ್ಮುಖ ತನ್ನ ತಾಯಿಗೆ ಕೇಳುವ ಹಾಗೆಯೇ ಹೇಳುತ್ತಿದ್ದ.

“ನಿನ್ನಂಥಾವನ್ನ ಹಡದ ಮ್ಯಾಲೆ ಕುಟುಕದ ಏನ್ ಮುದ್ದಾಡ್ಲೇನು?” ಎಂದು ಬಸಲಿಂಗವ್ವ ಒಳಗಿನಿಂದಲೇ ಲೆಕ್ಕ ಚುಕ್ತಾ ಮಾಡುತ್ತಿದ್ದಳು.

ಷಣ್ಮುಖ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರದ ಲೆಕ್ಚರರ್. ಮದುವೆ, ಗ್ಯಾದರಿಂಗುಗಳಲ್ಲಿ ಮಿಮಿಕ್ರಿ ಕಲಾವಿದ. ಅವನ ಹೆಂಡತಿ ಡಾಕ್ಟರ್ ಶಾಂಭವಿ ಕುಪ್ಪೇಲೂರ ಅದೇ ಊರಿನ ಮಧುಪರ್ಕ ಬೀಜ ಸಂಸ್ಥೆಯ ತಳಿವಿಜ್ಞಾನಿ. ಊರಿನ ಕೀಲಿಗಳಿಗೆಲ್ಲ ಮೇಣ ಮೆತ್ತಿಸಿದ ಕೀರ್ತಿ ಆಕೆಯದೇ ಎಂದು ಷಣ್ಮುಖ ಹೇಳಿದರೆ ಅದು ಮಿಮಿಕ್ರಿಯಾಗಿರಲಿಲ್ಲ, ವರದಿಯಾಗಿತ್ತು.

ಎಲ್ಲ ಶುರುವಾದದ್ದು ಒಂದು ಸಾದಾ ಪ್ರಶ್ನೆಯಿಂದ. ಜೇನುಗಳು ಜಗಳವಾಡುವುದನ್ನು ಬಿಟ್ಟರೆ?

ರಾಣೇಬೆನ್ನೂರಿನ ಸುತ್ತಿನ ಊರುಗಳಂತೆ ಹನುಮಾಪುರದ ಬದುಕೂ ಬೀಜದ ಮೇಲೆ ನಿಂತದ್ದು. ಊರ ಸುತ್ತ ಬಿಳಿ ನೆಟ್‌ಹೌಸುಗಳು. ಒಳಗೆ ಮೆಣಸಿನಕಾಯಿ, ಸೌತೆಗಳ ಗಂಡುಸಾಲು, ಹೆಣ್ಣುಸಾಲು. ಮೊದಲೆಲ್ಲ ಹೆಣ್ಣುಮಕ್ಕಳು ಚಿಮಟಿ ಹಿಡಿದು ಒಂದೊಂದೇ ಹೂವಿಗೆ ಪರಾಗ ಮುಟ್ಟಿಸಿ, ಮುಟ್ಟಿಸಿದ್ದರ ಗುರುತಿಗೆ ಬಣ್ಣದ ದಾರ ಕಟ್ಟುತ್ತಿದ್ದರು. ಆ ಕೆಲಸವನ್ನು ಮುಜಂಟಿಗೆ ಒಪ್ಪಿಸಿದರೆ ಅರ್ಧ ಖರ್ಚು ಉಳಿಯುತ್ತದೆ ಎಂದು ಸಂಸ್ಥೆಗೆ ಅನ್ನಿಸಿತು. ಆದರೆ ಮುಜಂಟಿ ಮಹಾ ಮಡಿವಂತ ಜಾತಿ. ಪ್ರತಿ ಗೂಡಿಗೂ ಮೇಣದ ಒಂದು ಕೊಳವೆಬಾಯಿ, ಆ ಬಾಯಿಯ ಸುತ್ತ ಕಾವಲುಗಾರ್ತಿಯರು. ಒಳಬರುವ ಪ್ರತಿಯೊಬ್ಬಳನ್ನೂ ಮೂಸಿ ನೋಡುವುದು, ಪರಗೂಡಿನವಳಾದರೆ ಕಚ್ಚಿ ಹಿಡಿಯುವುದು, ಹಿಡಿದವಳೂ ಹಿಡಿಸಿಕೊಂಡವಳೂ ಹಾಗೇ ಸಾಯುವುದು. ಪೆಟ್ಟಿಗೆಗಳನ್ನು ಹತ್ತಿರ ಹತ್ತಿರ ಇಟ್ಟರೆ ಬೆಳಗಾಗುವುದರೊಳಗೆ ನೆಲದ ಮೇಲೆ ಹೆಣಗಳ ಕರಿ ಕಂಬಳಿ.

ಶಾಂಭವಿ ಕಂಡುಕೊಂಡದ್ದಿಷ್ಟು: ಗೂಡಿನ ವಾಸನೆಯ ಬಹುಪಾಲು ಬರುವುದು ಅವು ಮರಗಳಿಂದ ಹೊತ್ತು ತರುವ ಅಂಟಿನಿಂದ. ಆ ವಾಸನೆಯಲ್ಲಿ ‘ನಮ್ಮ ಮನೆಯದು, ಅವರ ಮನೆಯದು’ ಎಂದು ತೂಗಿ ನೋಡುವ ಒಂದು ವಂಶವಾಹಿ ಮೀಸೆಯ ತುದಿಯಲ್ಲಿ ಕೆಲಸ ಮಾಡುತ್ತದೆ. ಆ ತಕ್ಕಡಿಯನ್ನು ಆಕೆ ಒಂದು ಕಡೆಗೆ ವಾಲಿಸಿದಳು. ಅಂದಿನಿಂದ ಮೇಣದ ವಾಸನೆ ಇದ್ದವರೆಲ್ಲ ಅಕ್ಕತಂಗಿಯರು. ಲ್ಯಾಬಿನ ತಂತ್ರಜ್ಞ ಫಕ್ಕೀರೇಶ, “ಮೇಡಂ, ಜೇನಿನ ಜೀನು ತಿರುವಿ ಜಾನು ಮಾಡಿದ್ರಿ,” ಎಂದ. ಸಂಸ್ಥೆಯ ನಿರ್ದೇಶಕ ಸವದತ್ತಿ ಸಾಹೇಬರು ಅದಕ್ಕೆ ‘ಬಾಂಧವಿ’ ಎಂದು ಹೆಸರಿಟ್ಟು ರೇಡಿಯೋದಲ್ಲಿ ಜಾಹೀರಾತು ಕೊಟ್ಟರು.

ಗೂಡಿಗೂ ಗೂಡಿಗೂ ನಡುವಿನ ಜಗಳವೇ ಅವುಗಳ ಗಡಿಯಾಗಿತ್ತು ಎನ್ನುವುದು ಆಗ ಯಾರಿಗೂ ಹೊಳೆಯಲಿಲ್ಲ. ಬಾಂಧವಿಯ ಗಂಡುಹುಳಗಳು ನೆಟ್ಟಿನಿಂದ ನುಸುಳಿ ಹೊರಗಿನ ಗೂಡುಗಳ ರಾಣಿಯರನ್ನು ಕೂಡಿದವು. ಕೆಲವೇ ವರ್ಷಗಳಲ್ಲಿ ಊರಿನ ಗೋಡೆ, ಕಂಬ, ಬೇವಿನಮರಗಳ ಪೊಟರೆ ಎಲ್ಲವೂ ಒಂದೇ ಮನೆತನ. ಆ ಮನೆತನಕ್ಕೆ ಮೇಣದ ವಾಸನೆ ಇಲ್ಲದ್ದೆಲ್ಲ ಪರಕೀಯ. ಹಲ್ಲಿಗಳನ್ನು ಗೋಡೆಗೇ ಮೆತ್ತಿ ಜೀವಂತ ಮುಚ್ಚಿದವು. ಬೀಗರು ಬಂದರೆ ಕೂದಲಿಗೆ ಸಿಕ್ಕಿಕೊಂಡು, ಕಿವಿ ಹೊಕ್ಕು, ರೆಪ್ಪೆ ಕಚ್ಚಿ, ಊಟಕ್ಕೆ ಮುಂಚೆಯೇ ಬಸ್ಸು ಹತ್ತಿಸಿದವು. ಜನ ಹೊಂದಿಕೊಂಡರು, ಜನ ಇನ್ನೇನು ಮಾಡುತ್ತಾರೆ? ಗೂಡಿನ ಬಾಯಿಯ ಮೇಣವನ್ನು ಎಣ್ಣೆಯಲ್ಲಿ ಕರಗಿಸಿ ಕಿವಿಯ ಹಿಂದೆ ಒಂದು ಬೊಟ್ಟು ಇಟ್ಟುಕೊಂಡರೆ ಜೇನು ಮುಟ್ಟುವುದಿಲ್ಲ. ಊರಿಗೆ ಊರೇ ವಾಸನೆಯ ಮಿಮಿಕ್ರಿ ಕಲಿಯಿತು.

“ಆದ್ರ ಒಂದು ನೆನಪಿಡು,” ಎಂದಿದ್ದ ಷಣ್ಮುಖ ಹೆಂಡತಿಗೆ. “ಮಿಮಿಕ್ರಿ ಭಾಳ ಚಲೋ ಆತು ಅಂದ್ರ, ಮಂದಿ ನಿನ್ನ ಆ ಮನಷ್ಯಾನ ಅಂತನ ತಿಳಿತಾರ. ಒಮ್ಮೆ ಸ್ಟೇಜಿಂದ ಇಳಿಯೂದ್ರಾಗ ತಹಶೀಲ್ದಾರ್ ಅಂತ ತಿಳದು ಯಾರೋ ಅರ್ಜಿ ಕೊಟ್ಟಿದ್ರು ನನಗ.”

ಮೂರು ತಿಂಗಳ ಹಿಂದೆ ಶಾಂಭವಿ ಮಗಳನ್ನು ಹಡೆದಳು. ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಕೂಸಿನ ಕೂದಲ ತುಂಬ ಮುಜಂಟಿ. ಅದು ಕಿರುಚಿ ಕಿರುಚಿ ನೀಲಿಗಟ್ಟಿತು. ಹಸುಗೂಸಿನ ಚರ್ಮಕ್ಕೆ ಎಣ್ಣೆಮೇಣ ಹಚ್ಚುವಂತಿರಲಿಲ್ಲ. ಅತ್ತೆ ನೀರು ಹಾಕಿದ ಮೇಲೆ ಕೂಸಿಗೆ ಲೋಬಾನದ ಹೊಗೆ ಹಿಡಿಯುವುದನ್ನು ನೋಡಿ ಶಾಂಭವಿಗೆ ಒಂದು ಉಪಾಯ ಹೊಳೆಯಿತು. ಲ್ಯಾಬಿನಿಂದ ಬಾಂಧವಿಯ ಗೂಡಿನ ಮೇಣ ತರಿಸಿದಳು. ಮರಿಗಳ ಕೋಶದ ಸುತ್ತಲಿನದು. ಎಲ್ಲಕ್ಕಿಂತ ಶುದ್ಧವಾದದ್ದು ಅದೇ ಎಂದು ತಾನೇ ಆರಿಸಿದಳು. ನೀರು ಹಾಕುವಾಗಲೇ ಹೊಗೆ ಕವಿದಿರುವ ಹಾಗೆ, ಕೆಂಡದ ಮೇಲೆ ಲೋಬಾನದ ಜೊತೆ ಒಂದು ಚಿಟಿಕೆ. ಮರುದಿನದಿಂದ ಒಂದು ಹುಳವೂ ಕೂಸನ್ನು ಕಚ್ಚಲಿಲ್ಲ. ಹೆರಿಗೆ ರಜೆಯಲ್ಲೂ ಸಂಶೋಧನೆ ನಿಲ್ಲಿಸದ ತಾಯಿ ಎಂದು ಆಕೆಗೆ ತನ್ನ ಮೇಲೆಯೇ ಸಣ್ಣ ಹೆಮ್ಮೆ.

ರಜೆ ಮುಗಿದ ದಿನ ಆಕೆ ಹೊರಡುವ ಹೊತ್ತಿಗೆ ಬಸಲಿಂಗವ್ವ ಕಾಲು ಚಾಚಿ ಕೂತು ಕೂಸಿಗೆ ಹೊಗೆ ಹಾಕುತ್ತಿದ್ದಳು. ಕಿಟಕಿಯ ಸಂದುಗಳಲ್ಲೆಲ್ಲ ಬೆಲ್ಲದ ಬಣ್ಣದ ಮೇಣ.

“ಅತ್ತೀ, ಈ ಕಿಟಕಿ ಪೂರಾ ಮುಚ್ಚ್ಯಾವಲ್ರೀ.”

“ಮುಚ್ಚಲಿ ಬಿಡ. ಬಾಣಂತಿ ಕೋಣಿಗೆ ಗಾಳಿ ಹೊಗಬಾರ್ದು ಅಂತ ನಾ ಅರಿವಿ ತುರುಕಾಕ ಹೋಗಿದ್ದೆ. ನಾ ಏಳೂದ್ರಾಗ ಅವು ಮಾಡಿ ಮುಗಿಸಿದ್ದವು. ಪುಣ್ಯಾತಗಿತ್ತ್ಯಾರು! ಸ್ವಂತ ಸೊಸಿನ ಹೇಳಿದ್ದು ಮಾಡೂದಿಲ್ಲ.”

“ಸೊಸಿ ಮಾಡಿದ ಹುಳಾನ ಅವು, ಅತ್ತೀ.”

“ಅದಕ್ಕ ಅಷ್ಟು ಶಾಣ್ಯಾ ಅದಾವು,” ಎಂದು ಬಸಲಿಂಗವ್ವ ಹೊಗಳಿದ್ದೋ ಕುಟುಕಿದ್ದೋ ತಿಳಿಯದ ಹಾಗೆ ಹೇಳಿ, ಹೊಗೆಯೊಳಗೆ ಕೂಸನ್ನು ತಿರುವಿ ಹಿಡಿದಳು.

ಲ್ಯಾಬಿನಲ್ಲಿ ಫಕ್ಕೀರೇಶ ಮುಖ ಸಪ್ಪಗೆ ಮಾಡಿಕೊಂಡು ಕಾಯುತ್ತಿದ್ದ. ಅವನ ಮುಖ ಸಪ್ಪಗಾಗುವುದೆಂದರೆ ಉಪ್ಪಿನಕಾಯಿ ಸಪ್ಪಗಾದ ಹಾಗೆ.

“ರಾಣಿ ಇಲ್ಲದ ಬೆನ್ನೂರು ಆಗೇತ್ರೀ ಮೇಡಂ ನಮ್ದು,” ಎಂದ. “ಯಾ ಪೆಟ್ಟಿಗಿ ತಗದ್ರೂ ರಾಣಿ ಸತ್ತಾಳ. ಕೆಲಸಗಾರ್ತ್ಯಾರ ಕಚ್ಚಿ ಕೊಂದಾರ.”

ಶಾಂಭವಿ ಕೋಶಗಳನ್ನು ಬಿಡಿಸಿ ನೋಡಿದಳು. ಒಳಗಿದ್ದ ಮರಿಗಳಲ್ಲಿ ಅರ್ಧಕ್ಕರ್ಧ ಗಂಡು. ಅದು ಆಕೆ ಕಾಲೇಜಿನಲ್ಲೇ ಓದಿದ ಪಾಠ. ಜೇನಿನ ಕುಲದಲ್ಲಿ ಹೆಣ್ಣಾಗಬೇಕಾದರೆ ತಾಯಿಯಿಂದ ಒಂದು ಬಗೆಯ, ತಂದೆಯಿಂದ ಇನ್ನೊಂದು ಬಗೆಯ ಲಿಂಗವಾಹಿ ಬರಬೇಕು. ಎರಡೂ ಒಂದೇ ಬಗೆಯಾದರೆ ಹುಟ್ಟುವುದು ಹುಸಿಗಂಡು. ದುಡಿಮೆಗೂ ಇಲ್ಲ, ಸಂತಾನಕ್ಕೂ ಇಲ್ಲ. ಬೇರೆ ಬೇರೆ ಮನೆತನಗಳಿದ್ದಾಗ ಬಗೆಗಳಿಗೆ ಬರವಿರಲಿಲ್ಲ. ಈಗ ಇಡೀ ಊರಿಗೆ ಒಂದೇ ಮನೆತನ, ಅಣ್ಣತಂಗಿಯರಲ್ಲೇ ಲಗ್ನ. ಹುಸಿಗಂಡು ಹಡೆಯುವ ರಾಣಿಯನ್ನು ಕೆಲಸಗಾರ್ತಿಯರು ಉಳಿಸುವುದಿಲ್ಲ.

“ಹೊಸಾ ರಾಣಿ ಮಾಡ್ಕೊಳ್ಳಾಕ ನೋಡ್ಯಾವೇನು?”

“ನೋಡ್ಯಾವ ಅಂದ್ರೇನ್ರೀ! ದೊಡ್ಡ ದೊಡ್ಡ ಕೋಶ ಕಟ್ಟ್ಯಾವ. ಒಳಗ ಇಡಾಕ ತತ್ತಿ ಇಲ್ಲ. ಒಂದ್ರಾಗ ಮಣ್ಣಿನ ಉಂಡಿ ಇಟ್ಟು ಮುಚ್ಯಾವ. ಇನ್ನೊಂದ್ರಾಗ ನನ್ನ ಪೆನ್ನಿನ ಟೋಪಿ.”

ಮುಜಂಟಿಯ ಬಾಣಂತನ ಬೇರೆ ಜೇನಿನಂತಲ್ಲ. ಮರಿಗೆ ದಿನದಿನ ಉಣಿಸುವ ತಾಪತ್ರಯ ಅದಕ್ಕಿಲ್ಲ. ಕೋಶದ ತುಂಬ ತೆಳ್ಳನೆಯ ಆಹಾರ ಸುರಿ, ಅದರ ಮೇಲೆ ಮೊಟ್ಟೆ ತೇಲಬಿಡು, ಬಾಯಿ ಮುಚ್ಚು. ಸಣ್ಣ ಕೋಶದಿಂದ ಕೆಲಸಗಾರ್ತಿ ಹೊರಬರುತ್ತಾಳೆ. ಕೋಶ ದೊಡ್ಡದಾಗಿ, ಆಹಾರ ಹೆಚ್ಚಾಗಿದ್ದರೆ ರಾಣಿ. ಕೊಂಡಿ ಕಳೆದುಕೊಂಡ ಕುಲ ಕೋಟಿ ವರ್ಷಗಳಲ್ಲಿ ಕಲಿತ ವಿದ್ಯೆ ಇದೊಂದೇ: ಹಗೆಯನ್ನೂ ಮುಚ್ಚು, ಮಗುವನ್ನೂ ಮುಚ್ಚು.

ಸವದತ್ತಿ ಸಾಹೇಬರು ಎಲ್ಲ ಕೇಳಿಸಿಕೊಂಡು ಕುರ್ಚಿ ತಿರುಗಿಸಿದರು. “ಬೇಸಿಕಲಿ, ರಾಣಿ ಇಲ್ಲ ಅಂದ್ರ ತಾವ ಸತ್ತ್ಹೋಗ್ತಾವಲ್ಲ? ಸಮಸ್ಯಾನ ಸಮಸ್ಯಾನ ಬಗೆಹರಿಸಿದಂಗಾತು.”

“ಸಾಯೂಕಿಂತ ಮೊದ್ಲ ಏನ್ ಮಾಡ್ತಾವ ಅಂತ ನಮಗ ಗೊತ್ತಿಲ್ರೀ ಸರ್. ಎಲ್ಲಿತನಕ ಹಬ್ಯಾವ ಅಂತರೆ ನೋಡಬೇಕಲ್ರೀ?”

“ಸರ್ವೆ ಕಾಲುವೆತನಕ ಮಾಡಿಸೇವಿ. ಕಾಲುವೆ ದಾಟಿದ್ವು ಬೇಸಿಕಲಿ ನಮ್ಮ ಜೇನಲ್ಲ.”

ಸಂಜೆ ಮನೆಯಲ್ಲಿ ಷಣ್ಮುಖ ಕುರ್ಚಿ ತಿರುಗಿಸಿ, ಇಲ್ಲದ ಟೈ ಸರಿಮಾಡಿಕೊಂಡು, “ಬೇಸಿಕಲಿ, ತೊಟ್ಟಿಲಾ ದಾಟಿದ್ದು ನಮ್ಮ ಕೂಸಲ್ಲ,” ಎಂದು ಸಾಹೇಬರನ್ನು ಹಾಗ್‌ಹಾಗೇ ಇಳಿಸಿದ. ಶಾಂಭವಿ ನಗುತ್ತಲೇ ಕೂಸನ್ನು ಎತ್ತಿಕೊಂಡಳು. ನಗು ಅರ್ಧಕ್ಕೇ ನಿಂತಿತು. ಕೂಸಿನ ತುಟಿಯಂಚಿನಲ್ಲಿ ಏನೋ ಅಂಟು. ಬೆರಳಿನಿಂದ ಒರೆಸಿ ನಾಲಗೆಗೆ ಮುಟ್ಟಿಸಿದಳು. ಹುಳಿಸಿಹಿ. ಮುಜಂಟಿಯ ತುಪ್ಪ.

“ಅತ್ತೀ, ಕೂಸಿಗೆ ಜೇನುತುಪ್ಪ ನೆಕ್ಕಿಸಬ್ಯಾಡ್ರಿ ಅಂತ ಡಾಕ್ಟರ್ ಎಷ್ಟು ಸಲಾ ಹೇಳ್ಯಾರ?”

“ನಾ ಯಾಕ ನೆಕ್ಕಿಸ್ಲಿ?”

“ಮತ್ತ ಇದೇನು?”

“ನನಗೇನ್ ಗೊತ್ತವಾ. ನೀ ಹೋದ ಮ್ಯಾಲೆ ನೀರ್ಹಾಕೇನಿ, ಹೊಗಿ ಹಾಕೇನಿ, ಮಲಗಿಸೇನಿ. ನನ್ನ ಮ್ಯಾಲೆ ನಂಬಿಕಿ ಇಲ್ಲಂದ್ರ ಲ್ಯಾಬಿನ್ಯಾಗ ಪೆಟ್ಟಿಗಿ ಇರ್ತಾವಲ್ಲ, ಒಂದ್ರಾಗ ಇಟ್ಕೋ ನಿನ್ನ ಮಗಳನ್ನ!”

“ಯವ್ವಾ…” ಎಂದು ಷಣ್ಮುಖ ಬಾಯಿ ಹಾಕಿದ.

“ನೀ ಸುಮ್ನಿರು. ನಿನ್ನ ಹತ್ರ ಊರ ಮಂದಿ ದನಿ ಎಲ್ಲಾ ಅದಾವ, ನಿಂದೊಂದ ಇಲ್ಲ.”

ಅತ್ತೆ ಮುನಿಸಿಕೊಂಡು ಹಿತ್ತಲಿಗೆ ಹೋದಳು. ಶಾಂಭವಿ ತೊಟ್ಟಿಲನ್ನು ತಡವಿ ನೋಡಿದಳು. ಹಳೆಯ ಮರ ನುಣ್ಣಗೆ ಹೊಳೆಯುತ್ತಿತ್ತು. ಪಟ್ಟಿಗಳ ನಡುವಿನ ಸಂದೆಲ್ಲ ತುಂಬಿತ್ತು. ಅತ್ತೆ ಯಾರ ಕೈಯಲ್ಲೋ ವಾರ್ನಿಷ್ ಹಾಕಿಸಿದ್ದಾಳೆ ಎಂದುಕೊಂಡಳು. ಕೇಳೋಣವೆಂದರೆ ಜಗಳ ಇನ್ನೂ ಬಿಸಿಯಾಗಿತ್ತು. ಕೇಳಲಿಲ್ಲ.

ಮೂರು ದಿನ ಅತ್ತೆ ಸೊಸೆಯರ ನಡುವೆ ಕೂಸಿನ ಮೂಲಕವೇ ಮಾತು. “ನಿಮ್ಮವ್ವಗ ಹೇಳ ಚಿನ್ನವ್ವಾ, ಡಬ್ಬಿ ಕಟ್ಟೇನಿ ಅಂತ.” “ನಿಮ್ಮ ಆಯಿಗೆ ಹೇಳ, ಗುಳಿಗಿ ತಗೊಂಡಿಲ್ಲ ಅಂತ.” ಚಿನ್ನವ್ವ ಯಾರಿಗೂ ಏನೂ ಹೇಳದೆ ದಿನದಿನಕ್ಕೂ ಗುಂಡಗಾಗುತ್ತಿತ್ತು. ಹಾಲು ಮಾತ್ರ ಕಡಿಮೆ ಕುಡಿಯುತ್ತಿತ್ತು. ಹಗಲೆಲ್ಲ ತಾಯಿ ಇಲ್ಲದ್ದಕ್ಕೆ ಕೂಸೂ ಮುನಿಸಿಕೊಂಡಿದೆ ಎಂದು ಶಾಂಭವಿ ಒಳಗೇ ಅತ್ತಳು.

ನಾಲ್ಕನೆಯ ದಿನ ಬೆಳಿಗ್ಗೆ ಫಕ್ಕೀರೇಶ ಆಕೆಯನ್ನು ಪೆಟ್ಟಿಗೆಗಳ ಗೋದಾಮಿಗೆ ಕರೆದುಕೊಂಡು ಹೋದ. ಮೂಲೆಯಲ್ಲಿ ಹಳೆಯ ಬಿದಿರು ಬುಟ್ಟಿ. ಅದರ ಮೇಲೆ ಬೋರಲು ಹಾಕಿದ ಗಡಿಗೆಯಂತೆ ಮೇಣದ ಗುಮ್ಮಟ.

“ಇದ್ರಾಗ ನಮ್ಮ ಬೆಕ್ಕು ಮರಿ ಹಾಕಿತ್ತರೀ. ನಿನ್ನೆತನಕ ಕಾಣತಿತ್ತು. ಈಗ ನೋಡ್ರಿ, ಗೋಲಗುಮ್ಮಟ.”

ಚಾಕುವಿನಿಂದ ಗುಮ್ಮಟ ಸೀಳಿದರು. ಒಳಗೆ ಹಳದಿ ರಸ, ಪರಾಗ, ತುಪ್ಪ. ಅದರಲ್ಲಿ ಬೆಕ್ಕಿನ ಮರಿಗಳು ಮುಳುಗಿ ಸತ್ತಿದ್ದವು, ಒಂದನ್ನು ಬಿಟ್ಟು. ಅದು ಅಕ್ಕತಮ್ಮಂದಿರ ಬೆನ್ನಿನ ಮೇಲೆ ನಿಂತು ಮೂಗು ಮೇಲೆತ್ತಿಕೊಂಡಿತ್ತು. ಹೊಟ್ಟೆ ಡೊಳ್ಳಾಗಿತ್ತು.

“ಹಗೆ ಅಂತ ಕೊಂದಿಲ್ಲ,” ಎಂದಳು ಶಾಂಭವಿ ನಿಧಾನವಾಗಿ. “ಹಗೆ ಆಗಿದ್ರ ಬರೇ ಮೇಣಾ ಮೆತ್ತತಿದ್ವು. ಇದಕ್ಕ ಊಟಾ ಇಟ್ಟಾವ.”

“ಪಾಪ, ತಡೀರಿ,” ಎಂದು ಫಕ್ಕೀರೇಶ ಉಳಿದ ಮರಿಯನ್ನು ಎತ್ತಿ ಅಂಗಳದ ನಲ್ಲಿಗೆ ಒಯ್ದು, ಸಾಬೂನು ಹಚ್ಚಿ ತೊಳೆದ. “ಏ ರಾಜಾ, ಹನಿಮೂನ್ ಮುಗೀತು, ಇನ್ನ ಸಂಸಾರ…”

ಮಾತು ಮುಗಿಯಲಿಲ್ಲ. ತಣ್ಣಗೆ ಹಾರಾಡುತ್ತಿದ್ದ ಹುಳಗಳು ಒಮ್ಮೆಗೇ ತಿರುಗಿದವು. ಮೇಣದ ವಾಸನೆ ಹೋದ ಮರಿ ಅವುಗಳಿಗೆ ಈಗ ಅಪರಿಚಿತ ಪ್ರಾಣಿ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಫಕ್ಕೀರೇಶನ ಅಂಗೈಯಲ್ಲಿ ಬೆಕ್ಕಿರಲಿಲ್ಲ, ಕುದಿಯುವ ಕರಿ ಮುದ್ದೆ ಇತ್ತು. ಅವನು ಕೊಡವಿದ, ಬಡಿದ, ನೀರು ಬಿಟ್ಟ. ಹುಳಗಳು ಹೋದಾಗ ಮರಿಯ ಮೂಗಿನ ಎರಡೂ ಹೊಳ್ಳೆಗಳಲ್ಲಿ ಮೇಣ ತುಂಬಿತ್ತು.

ಫಕ್ಕೀರೇಶ ನಲ್ಲಿ ನಿಲ್ಲಿಸಿ, ಮರಿಯನ್ನು ತನ್ನ ಕರವಸ್ತ್ರದಲ್ಲಿ ಸುತ್ತಿದ.

“ಮರಿಗೆ ಆ ವಾಸನಿ ಎಲ್ಲಿಂದ ಬಂತು?” ಎಂದಳು ಶಾಂಭವಿ.

“ಇಲ್ಲೇ ಅಲ್ರೀ ನಾ ದಿನಾ ಹಳೇ ಕೋಶದ ಮೇಣಾ ಸುಡೂದು? ಗೋದಾಮ ತುಂಬ ಹೊಗಿ…”

ಹಳೇ ಕೋಶದ ಮೇಣ. ಹೊಗೆ. ಶಾಂಭವಿ ತಾನೇ ಆರಿಸಿ ತರಿಸಿದ್ದು ಗೂಡಿನ ಬಾಯಿಯ ಮೇಣವನ್ನಲ್ಲ, ಮರಿಕೋಶದ ಮೇಣವನ್ನು. ಊರ ಮಂದಿಯ ಬೊಟ್ಟು ‘ನಾನು ನಿಮ್ಮ ಅಕ್ಕ’ ಎಂದು ಹೇಳುತ್ತಿತ್ತು. ತನ್ನ ಮಗಳು ದಿನವೂ ಮೈತುಂಬ ಹೊಗೆ ಕುಡಿದು ‘ನಾನು ನಿಮ್ಮ ಮರಿ’ ಎಂದು ಹೇಳುತ್ತಿದ್ದಳು. ರಾಣಿಗಾಗಿ ಹಂಬಲಿಸಿ ದೊಡ್ಡ ಕೋಶ ಕಟ್ಟುತ್ತಿದ್ದ ಇಡೀ ಊರಿನ ಗೂಡಿಗೆ.

ಮನೆಗೆ ಫೋನು ಮಾಡಿದಳು. ರಿಂಗಾಯಿತು, ರಿಂಗಾಯಿತು, ನಿಂತಿತು. ಷಣ್ಮುಖನಿಗೆ ಮಾಡಿದಳು.

“ಬೇಸಿಕಲಿ, ಸವದತ್ತಿ ಮಾತಾಡೋದು…”

ಅವನಿಗೆ ಅವಳ ಉಸಿರು ಮಾತ್ರ ಕೇಳಿಸಿರಬೇಕು.

“ಶಾಂಭವಿ? ಏನಾತು?” ಅದು ಅವನದೇ ದನಿಯಾಗಿತ್ತು.

“ಕಾರ್ ತಗೊಂಡು ಮನಿಗೆ ಬರ್ರಿ. ಕೂಸು.”

ಫಕ್ಕೀರೇಶನ ಬೈಕಿನ ಹಿಂದೆ ಕೂತು ಮನೆಗೆ ಬಂದಾಗ ತಲೆಬಾಗಿಲು ಹಾರುಹೊಡೆದಿತ್ತು. ಅಡುಗೆಮನೆ, ಹಿತ್ತಲು, ಎಲ್ಲೂ ಅತ್ತೆ ಇಲ್ಲ. ಬಾಣಂತಿ ಕೋಣೆಯ ಬಾಗಿಲೂ ಕಾಣಲಿಲ್ಲ. ಬಾಗಿಲಿದ್ದ ಜಾಗದಲ್ಲಿ ಚೌಕಟ್ಟಿನಿಂದ ಚೌಕಟ್ಟಿಗೆ ಬೆಲ್ಲದ ಪಾಕದಂತೆ ಹೊಳೆಯುವ ಮೇಣದ ಪರದೆ. ಚಿಲಕದ ಎತ್ತರಕ್ಕೆ ಬಳೆಯಗಲದ ಒಂದು ಕೊಳವೆ ಹೊರಚಾಚಿತ್ತು. ಅದರ ಅಂಚಿನ ಸುತ್ತ ಕಾವಲುಗಾರ್ತಿಯರು. ತೆರೆದ ತಲೆಬಾಗಿಲಿನಿಂದ, ಹಂಚಿನ ಸಂದಿನಿಂದ, ಊರಿನ ಎಲ್ಲ ದಿಕ್ಕಿನಿಂದ ಹುಳಗಳು ಸಾಲುಗಟ್ಟಿ ಬಂದು ಆ ಕೊಳವೆಯಲ್ಲಿ ಇಳಿಯುತ್ತಿದ್ದವು. ಒಂದಕ್ಕೂ ಅವಸರವಿರಲಿಲ್ಲ.

ಒಳಗೆ ಅಳು ಕೇಳಿಸಲಿಲ್ಲ. ಗುಂಯ್‌ಗುಡುವ ಸದ್ದು ಮಾತ್ರ.

ಫಕ್ಕೀರೇಶ ಹಿತ್ತಲಿನಿಂದ ಹಾರೆ ತಂದು ಪರದೆಗೆ ಹಾಕಿದ. ಮೇಣ ಒಡೆಯಲಿಲ್ಲ, ಎಳೆಎಳೆಯಾಗಿ ಜಗ್ಗಿತು. ಶಾಂಭವಿ ಕೈಯಿಂದಲೇ ಹರಿದು ಒಳನುಗ್ಗಿದಳು. ಕತ್ತಲು, ಸೆಕೆ, ಹುಳಿ ವಾಸನೆ. ತೊಟ್ಟಿಲಿನ ಅಂಚುಗಳಿಂದ ಮೇಣದ ಗೋಡೆ ಮೇಲೆದ್ದು ಗಡಿಗೆಯ ಕಂಠದಂತೆ ಒಳಬಾಗಿತ್ತು. ಮೇಲೆ ಅಂಗೈಯಗಲದ ಬಾಯಿ ಉಳಿದಿತ್ತು. ಅದನ್ನು ಸೀಳಿ ಕೈ ಇ‍ಳಿಬಿಟ್ಟಾಗ ಬೆರಳಿಗೆ ಮೊದಲು ಸಿಕ್ಕಿದ್ದು ಬೆಚ್ಚನೆಯ ರಸ. ಅದು ಕೂಸಿನ ಕಿವಿ ದಾಟಿ ಕೆನ್ನೆಯವರೆಗೆ ಏರಿತ್ತು. ಮುಜಂಟಿಯ ಮೊಟ್ಟೆ ಆಹಾರದ ಮೇಲೆ ತೇಲುತ್ತದೆ. ಕೂಸು ತೇಲುವುದಿಲ್ಲ.

ಎತ್ತಿದಳು. ಚಿನ್ನವ್ವ ಕಣ್ಣು ಬಿಟ್ಟು, ಆಕಳಿಸಿ, ತಾಯಿಯ ಮುಖವನ್ನು ಗುರುತು ಹಚ್ಚುವವಳಂತೆ ನೋಡಿದಳು. ಹೊಟ್ಟೆ ತುಂಬಿತ್ತು.

ಅಂಗಳದಲ್ಲಿ ಬಸಲಿಂಗವ್ವ ಓಡೋಡಿ ಬಂದು ಸೇರಿದಳು, ಕೈಯಲ್ಲಿ ಹೊಗೆಯಾಡುವ ಕೆಂಡದ ತಟ್ಟೆ. “ಏನಾತ ನನ್ನವ್ವಾ? ಕೂಸು ಮಲಗಿತ್ತು ಅಂತ ಬಾಜೂಮನಿ ನಿಂಗವ್ವನ ಮೊಮ್ಮಗಗ ಹೊಗಿ ಹಾಕಾಕ ಹೋಗಿದ್ದೆ…” ಮೊಮ್ಮಗಳ ಮೈಮೇಲಿನ ರಸ ನೋಡಿದಳು, ಸೊಸೆಯ ಮುಖ ನೋಡಿದಳು. “ನಾ ನೆಕ್ಕಿಸಿಲ್ಲವಾ. ಖರೇನ ನೆಕ್ಕಿಸಿಲ್ಲ.”

“ಗೊತ್ತೈತಿ ಅತ್ತೀ.” ಶಾಂಭವಿ ಕೂಸನ್ನು ಎದೆಗೊತ್ತಿಕೊಂಡಳು. “ತಪ್ಪು ನಂದು. ಆ ಮೇಣದ ಹೊಗಿ ಯಾರ್ಯಾರ ಕೂಸಿಗೆ ಹಾಕೀರಿ?”

“ಕೇಳಿದವ್ರಿಗೆಲ್ಲಾ ಹಾಕೇನಿ. ಪುಣ್ಯದ ಕೆಲಸ ಅಂತ…” ತಟ್ಟೆ ಕೈಜಾರಿ ಕೆಂಡ ಅಂಗಳದಲ್ಲಿ ಚೆಲ್ಲಿತು. ಬಸಲಿಂಗವ್ವನಿಗೆ ಮುಂದಿನದನ್ನು ಯಾರೂ ಹೇಳಬೇಕಾಗಲಿಲ್ಲ. ಫಕ್ಕೀರೇಶನ ಕೈಯಿಂದ ಹಾರೆ ಕಸಿದುಕೊಂಡಳು. “ನಡಿಯಪಾ. ಯಾವ ಮನಿ ಅಂತ ನಾ ತೋರಸ್ತೇನಿ. ನೀ ಹೋಗ ಶಾಂಭವಿ, ಕೂಸಿನ್ನ ಕರಕೊಂಡು ದೂರ ಹೋಗು.”

“ತೊಳೀಬ್ಯಾಡ್ರಿ ಅತ್ತೀ! ಯಾ ಕೂಸಿಗೂ ಇಲ್ಲಿ ನೀರು ಹಚ್ಚಬ್ಯಾಡ್ರಿ. ಗಾಡ್ಯಾಗ ಹಾಕಿ ಊರು ಬಿಡಸ್ರಿ!”

ಷಣ್ಮುಖ ತಂದ ಕಾರು ಊರು ದಾಟಿತು. ಗಾಜು ಪೂರ್ತಿ ಏರಿಸಿ, ಏಸಿ ಮುಚ್ಚಿ, ಹಿಂದಿನ ಸೀಟಿನಲ್ಲಿ ಅಂಟು ಕೂಸನ್ನು ಅಪ್ಪಿಕೊಂಡು ಶಾಂಭವಿ ಹಿಂದೆ ನೋಡುತ್ತಿದ್ದಳು. ಕರಿ ದಾರವೊಂದು ಗಾಳಿಯಲ್ಲಿ ತೂಗುತ್ತ ಹಿಂಬಾಲಿಸುತ್ತಿತ್ತು. ಮುಜಂಟಿಗಳು ಹೊಸ ಗೂಡು ಹೂಡುವುದೇ ಹೀಗೆ. ಹಳೆಯ ಮನೆಯಿಂದ ಹೊಸ ಮನೆಗೆ ಮೇಣ, ತುಪ್ಪ ಹೊತ್ತು ವಾರಗಟ್ಟಲೆ ಹೋಗಿ ಬರುವ ಸಾಲು. ಕಚ್ಚುವ ಇರಾದೆ ಅವುಗಳಿಗೆ ಎಳ್ಳಷ್ಟೂ ಇರಲಿಲ್ಲ. ತವರಿನವರು ಬುತ್ತಿ ಹೊತ್ತು ಬರುತ್ತಿದ್ದರು, ಅಷ್ಟೇ.

ಕಾಲುವೆ ದಾಟಿದರು. ಸಾಲು ತೆಳ್ಳಗಾಯಿತು.

“ಈಗ ತೊಳೀತಿಯೇನು?” ಎಂದ ಷಣ್ಮುಖ ಕನ್ನಡಿಯಲ್ಲಿ ನೋಡುತ್ತ.

“ಈಗ ಬ್ಯಾಡ. ಇಲ್ಲಿ ಅವು ಇದ್ರ, ತೊಳದ ಕೂಡ್ಲೇ ಕಚ್ಚತಾವ. ಮೂಗಿನ್ಯಾಗ…” ಅವಳು ಬೆಕ್ಕಿನ ಮರಿಯ ಮಾತು ಪೂರ್ತಿ ಹೇಳಲಿಲ್ಲ.

“ತೊಳೀದಿದ್ರ?”

“ತೊಳೀದಿದ್ರ ಎಲ್ಲಿ ನಿಂತರೂ ಸಾಕತಾವ.”

ಹೆದ್ದಾರಿ ಸೇರಿದರು. ಸಾಲು ಕಾಣದಾಯಿತು. ತುಂಗಭದ್ರೆಯ ಸೇತುವೆಯ ಮೇಲೆ ಬಂದಾಗ ಷಣ್ಮುಖ ಉಸಿರು ಬಿಟ್ಟ. ಇಷ್ಟಗಲದ ಹೊಳೆ, ಇಷ್ಟು ಸಣ್ಣ ಹುಳ. ಹರಿಹರ ದಾಟಿ ಬಯಲಿನಲ್ಲಿ ಒಂಟಿಯಾಗಿ ನಿಂತಿದ್ದ ಚಹಾ ಅಂಗಡಿಯ ಪಕ್ಕ ಕಾರು ನಿಲ್ಲಿಸಿದ. ಅಂಗಡಿಯವನು ಒಂದು ಬಾಟಲಿ ನೀರು, ಒಂದು ಸಾಬೂನು ಕೊಟ್ಟು, “ಪಾಪು ಏನ್ ಸಾರ್, ಬೆಲ್ಲದ ಗಾಣಕ್ಕೆ ಬಿದ್ದೈತಾ?” ಎಂದು ನಕ್ಕ. ಷಣ್ಮುಖನೂ ನಗಲು ನೋಡಿದ. ಬರಲಿಲ್ಲ.

ಶಾಂಭವಿ ಬಾಗಿಲು ತೆರೆದು, ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬಾಟಲಿಯ ಮುಚ್ಚಳ ತಿರುವಿದಳು. ತಿರುವಿ, ಸುರಿಯುವ ಮೊದಲು, ಸುಮ್ಮನೆ ಒಮ್ಮೆ ಸುತ್ತ ನೋಡಿದಳು.

ಅಂಗಡಿಯ ಇಟ್ಟಿಗೆ ಗೋಡೆಯ ಬಿರುಕಿನಿಂದ ಕಿರುಬೆರಳಿನಷ್ಟು ಉದ್ದದ ಮೇಣದ ಕೊಳವೆ ಹೊರಚಾಚಿತ್ತು. ಅಂಚಿನ ಸುತ್ತ ಕೂತಿದ್ದ ಕಾವಲುಗಾರ್ತಿಯರು ಕಾರಿನ ಕಡೆಗೆ ಮೀಸೆ ಎತ್ತಿದರು. ಗಾಳಿ ಕೂಸಿನಿಂದ ಅವರ ಕಡೆಗೇ ಬೀಸುತ್ತಿತ್ತು. ಸ್ವಲ್ಪ ಹೊತ್ತು ಮೂಸಿದರು. ಆಮೇಲೆ ಮೀಸೆ ಇಳಿಸಿ, ಒಬ್ಬೊಬ್ಬರಾಗಿ ಬದಿಗೆ ಸರಿದು, ದಾರಿ ಬಿಟ್ಟರು. ಒಳಗಿನಿಂದ ಮೊದಲನೆಯ ಕೆಲಸಗಾರ್ತಿ ಹೊರಬಂದಳು, ಕಾಲುಗಳಲ್ಲಿ ಮೇಣದ ಎರಡು ಉಂಡೆ ಹೊತ್ತುಕೊಂಡು.

ಶಾಂಭವಿ ಬಾಟಲಿಯ ಮುಚ್ಚಳವನ್ನು ಮತ್ತೆ ತಿರುವಿ ಬಿಗಿದಳು.

“ಗಾಡಿ ತಗೀರಿ.”

“ಎಲ್ಲಿಗೆ?”

“ಮುಂದಕ್ಕ.”

“ಎಷ್ಟು ಮುಂದಕ್ಕ, ಶಾಂಭವಿ?”

ಅವಳು ಬಾಗಿಲೆಳೆದುಕೊಂಡು ಗಾಜು ನೋಡಿಕೊಂಡಳು. ಕೂಸು ಎದ್ದು, ಅಂಟಿನಲ್ಲಿ ಅರ್ಧ ಮುಚ್ಚಿದ ರೆಪ್ಪೆಯನ್ನು ಬಿಡಿಸಲಾಗದೆ ಅಳಲು ಬಾಯಿ ತೆಗೆಯಿತು. ಶಾಂಭವಿ ಸೆರಗಿನ ತುದಿ ಹಿಡಿದು ಮಗಳ ಕಣ್ಣು ಒರೆಸಲು ಹೋದಳು. ಅರ್ಧ ದಾರಿಯಲ್ಲಿ ಕೈ ತಡೆದಳು.